ಕಾಯಕದ ಬೆಲೆ ಗುಟ್ಟಾಗಿರಬೇಕೇ?

ಹಾಸನದ ಎ.ಪಿ.ಎಂ.ಸಿ.ಯಲ್ಲಿ ಇವತ್ತು ಆಲೂಗಡ್ಡೆ ಕ್ವಿಂಟಲಿಗೆ ಎಷ್ಟು ಎಂದು ಯಾವ ರೈತರನ್ನು ಕೇಳಿದರೂ ಹೇಳುತ್ತಾರೆ. ರಾಮನಾಥಪುರದ ತಂಬಾಕು ಹರಾಜು ಮಾರುಕಟ್ಟೆಯಲ್ಲಿ ಯಾವ ದರ್ಜೆಯ ಸೊಪ್ಪು ಕೆ.ಜಿ.ಗೆ ಎಷ್ಟಕ್ಕೆ ಹೋಯಿತು ಎಂಬುದು ಅರಕಲಗೂಡು ತಾಲ್ಲೂಕಿನ ಬೆಳೆಗಾರರಿಗೆ ಸಂಜೆಯೊಳಗೆ ಗೊತ್ತಿರುತ್ತದೆ. ಚನ್ನರಾಯಪಟ್ಟಣದ ತೆಂಗಿನ ತೋಟದವರು ತಿಪಟೂರಿನ ಕೊಬ್ಬರಿ ಧಾರಣೆ ವಿಚಾರಿಸದೆ ಒಂದು ಮೂಟೆಯನ್ನೂ ಗಾಡಿಗೆ ಹಾಕುವುದಿಲ್ಲ. ಆದರೆ ಇದೇ ರೈತರ ಮಗಳು ಬಿ.ಎಡ್. ಮುಗಿಸಿ ಹೊಳೆನರಸೀಪುರದಲ್ಲೋ ಹಾಸನದಲ್ಲೋ ಒಂದು ಖಾಸಗಿ ಶಾಲೆಗೆ ಸಂದರ್ಶನಕ್ಕೆ ಹೋದಳೆನ್ನಿ. "ಎಷ್ಟು ಸಂಬಳ ನಿರೀಕ್ಷೆ ಮಾಡ್ತೀಯಮ್ಮ?" ಎಂದು ಕೇಳಿದರೆ ಅವಳ ಬಳಿ ಉತ್ತರ ಇರುವುದಿಲ್ಲ. ಆ ಊರಿನಲ್ಲಿ ಅಂಥ ಕೆಲಸಕ್ಕೆ ಏನು ನಡೆಯುತ್ತಿದೆ ಎಂದು ಅವಳಿಗೆ ಗೊತ್ತಿಲ್ಲ. ಎದುರು ಕುಳಿತವರಿಗೆ ಗೊತ್ತಿದೆ. ಪಕ್ಕದ ಶಾಲೆಯ ಕಾರ್ಯದರ್ಶಿಗೆ ಒಂದು ಫೋನ್ ಮಾಡಿ ಅವರು ಮೊದಲೇ ತಿಳಿದುಕೊಂಡಿರುತ್ತಾರೆ.

ಆ ಒಂದು ಫೋನ್ ಕರೆಯೇ ನಮ್ಮ ಊರುಗಳ ಸಂಬಳ ಸಮೀಕ್ಷೆ. ಬೆಂಗಳೂರಿನ ದೊಡ್ಡ ಕಂಪನಿಗಳು ಇದೇ ಕೆಲಸವನ್ನು ಹಣ ಕೊಟ್ಟು ಮಾಡಿಸುತ್ತವೆ. ಪ್ರತಿ ಕಂಪನಿಯೂ ತನ್ನ ಹುದ್ದೆಗಳ ಸಂಬಳದ ವಿವರವನ್ನು ಒಂದು ಸಲಹಾ ಸಂಸ್ಥೆಗೆ ಕೊಡುತ್ತದೆ. ಸಂಸ್ಥೆ ಎಲ್ಲವನ್ನೂ ಒಟ್ಟುಗೂಡಿಸಿ, ಹೆಸರು ತೆಗೆದು, ಈ ಹುದ್ದೆಗೆ ಕೆಳಗಿನ ಕಾಲು ಭಾಗ ಇಷ್ಟು, ನಡುವಿನದು ಇಷ್ಟು, ಮೇಲಿನ ಕಾಲು ಭಾಗ ಇಷ್ಟು ಎಂಬ ಕೋಷ್ಟಕ ಮಾಡಿ ಹಿಂದಿರುಗಿಸುತ್ತದೆ. ಅದನ್ನು ಮುಂದಿಟ್ಟುಕೊಂಡು ಕಂಪನಿ, "ನಾವು ನಡುವಿನ ದರ ಕೊಡೋಣ" ಎಂದು ತೀರ್ಮಾನಿಸುತ್ತದೆ. ಸಂದರ್ಶನಕ್ಕೆ ಬಂದ ಹುಡುಗನ ಮುಂದೆ ಆ ಕೋಷ್ಟಕ ಇರುವುದಿಲ್ಲ. ಚೌಕಾಸಿ ಶುರುವಾಗುವ ಮೊದಲೇ ಒಂದು ಕಡೆಯವರು ಗೆದ್ದಿರುತ್ತಾರೆ.

ಬಸವಾದಿ ಶರಣರ ಮಾತನ್ನು ಹೊತ್ತು ಮನೆಮನೆಗೆ ಹೋಗುವ ಈ ಪತ್ರಿಕೆಯಲ್ಲಿ ಸಂಬಳದ ಲೆಕ್ಕವೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಕಾಯಕದ ಬಗ್ಗೆ ನಾವು ಆಡುವಷ್ಟು ಮಾತನ್ನು ಇನ್ನಾರೂ ಆಡುವುದಿಲ್ಲ. ಕಾಯಕಕ್ಕೆ ಸಲ್ಲಬೇಕಾದ ಬೆಲೆಯ ಬಗ್ಗೆ ಮಾತ್ರ ನಾವು ಮೌನವಾಗಿದ್ದೇವೆ. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಶಾಲೆ, ಕಾಲೇಜು, ವಿದ್ಯಾರ್ಥಿನಿಲಯ, ಆಸ್ಪತ್ರೆ ನಡೆಸುವವರಲ್ಲಿ ನಮ್ಮವರೂ ಇದ್ದಾರೆ. ಅಲ್ಲಿ ದುಡಿಯುವವರಲ್ಲಿ ನಮ್ಮ ಮಕ್ಕಳೂ ಇದ್ದಾರೆ. ಆದ್ದರಿಂದ ಈ ಮಾತು ನಮ್ಮಲ್ಲೇ ಮೊದಲು ಆಗಬೇಕು.

ಸರ್ಕಾರಿ ನೌಕರರ ವಿಷಯದಲ್ಲಿ ಈ ಲೆಕ್ಕ ಬಹಿರಂಗವಾಗಿಯೇ ನಡೆಯುತ್ತದೆ. ರಾಜ್ಯದ ವೇತನ ಆಯೋಗವೆಂದರೆ ಒಂದು ದೊಡ್ಡ ಸಂಬಳ ಸಮೀಕ್ಷೆಯೇ. 2022ರ ನವೆಂಬರ್‌ನಲ್ಲಿ ನಿವೃತ್ತ ಮುಖ್ಯ ಕಾರ್ಯದರ್ಶಿ ಕೆ. ಸುಧಾಕರ ರಾವ್ ಅವರ ಅಧ್ಯಕ್ಷತೆಯಲ್ಲಿ 7ನೇ ರಾಜ್ಯ ವೇತನ ಆಯೋಗ ರಚನೆಯಾಯಿತು. ನೌಕರರ ಸಂಘಗಳು ತಮ್ಮ ಅಹವಾಲನ್ನು ಅಂಕಿ ಅಂಶಗಳೊಂದಿಗೆ ಮಂಡಿಸಿದವು. 2024ರ ಮಾರ್ಚ್‌ನಲ್ಲಿ ವರದಿ ಬಂತು, ಅದೇ ವರ್ಷ ಆಗಸ್ಟ್ 1ರಿಂದ ಜಾರಿಯಾಯಿತು. ಕನಿಷ್ಠ ಮೂಲ ವೇತನ 17,000 ರೂಪಾಯಿ ಇದ್ದದ್ದು 27,000 ಆಯಿತು. ಈ 27,000 ಎಲ್ಲಿಂದ ಬಂತು ಎಂಬುದನ್ನು ಯಾರು ಬೇಕಾದರೂ ಕಾಗದದ ಮೇಲೆ ಹಾಕಿ ನೋಡಬಹುದು. ಹಳೆಯ ಮೂಲ ವೇತನಕ್ಕೆ ಶೇ. 31ರ ತುಟ್ಟಿಭತ್ಯೆ, ಶೇ. 27.5ರ ಹೆಚ್ಚಳ, ಒಟ್ಟು ಶೇ. 58.5 ಸೇರಿಸಿದರೆ 26,945 ಬರುತ್ತದೆ. ಅದನ್ನು ಪೂರ್ಣಾಂಕಕ್ಕೆ ತಂದರು. 'ಡಿ' ಗುಂಪಿನ ನೌಕರನಿಂದ ಹಿಡಿದು ಮುಖ್ಯ ಇಂಜಿನಿಯರ್‌ವರೆಗೆ ಯಾರ ವೇತನ ಶ್ರೇಣಿ ಎಷ್ಟು ಎಂಬುದು ಸರ್ಕಾರಿ ಆದೇಶದಲ್ಲಿ ಅಚ್ಚಾಗಿದೆ. ಇದರಿಂದ ಯಾವ ಕಚೇರಿಯೂ ಮುಚ್ಚಿಹೋಗಲಿಲ್ಲ.

ಅಂಕಿ ಕೈಯಲ್ಲಿದ್ದರೆ ಏನಾಗುತ್ತದೆ ಎಂಬುದಕ್ಕೆ ಅತಿಥಿ ಉಪನ್ಯಾಸಕರು ಉದಾಹರಣೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ನಮ್ಮ ನಾಲ್ಕೂ ತಾಲ್ಲೂಕುಗಳಲ್ಲಿವೆ. ಅಲ್ಲೆಲ್ಲ ಅತಿಥಿ ಉಪನ್ಯಾಸಕರು ಬಹುಕಾಲ ತಿಂಗಳಿಗೆ 11,000, ಯು.ಜಿ.ಸಿ. ಅರ್ಹತೆ ಇದ್ದರೆ 13,000 ರೂಪಾಯಿಗೆ ದುಡಿದರು. ಅದೇ ತರಗತಿಯಲ್ಲಿ ಅದೇ ಪಾಠ ಮಾಡುವ ಕಾಯಂ ಸಹಾಯಕ ಪ್ರಾಧ್ಯಾಪಕರ ಆರಂಭದ ಮೂಲ ವೇತನ 57,700. ಈ ಎರಡು ಅಂಕಿಗಳೂ ಸರ್ಕಾರದವೇ, ಎರಡೂ ಬಹಿರಂಗ. ಅವನ್ನು ಪಕ್ಕಪಕ್ಕದಲ್ಲಿಟ್ಟು ಅವರು ತರಗತಿ ಬಹಿಷ್ಕರಿಸಿದಾಗ, 2022ರ ಜನವರಿಯಲ್ಲಿ ಗೌರವಧನ ಅರ್ಹತೆ ಮತ್ತು ಅನುಭವಕ್ಕೆ ತಕ್ಕಂತೆ 26,000ದಿಂದ 32,000 ರೂಪಾಯಿಗೆ ಏರಿತು. ಜೊತೆಗೆ ವಾರದ ಬೋಧನಾ ಅವಧಿಯನ್ನು ಹೆಚ್ಚಿಸಿದ್ದರಿಂದ ಕೆಲವರು ಕೆಲಸವನ್ನೇ ಕಳೆದುಕೊಂಡರು ಎಂಬುದೂ ನಿಜ. ದರ ಗೊತ್ತಾದ ಮಾತ್ರಕ್ಕೆ ಎಲ್ಲ ಸರಿಹೋಗುವುದಿಲ್ಲ. ಆದರೆ ದರವೇ ಗೊತ್ತಿಲ್ಲದಿದ್ದರೆ ಮಾತೇ ಶುರುವಾಗುವುದಿಲ್ಲ.

ಸರ್ಕಾರಿ ಎಂಜಿನಿಯರ್ ಆಗಿದ್ದವನಿಗೆ ಇನ್ನೊಂದು ಸಮೀಕ್ಷೆಯೂ ಗೊತ್ತಿರುತ್ತದೆ. ಅದು ದರಪಟ್ಟಿ, ನಾವೆಲ್ಲ ಎಸ್.ಆರ್. ಎಂದು ಕರೆಯುವುದು. ಸಿಮೆಂಟು, ಜಲ್ಲಿ, ಕಬ್ಬಿಣಕ್ಕೆ ಇರುವಂತೆ ಗಾರೆ ಕೆಲಸದವರು, ಬಡಗಿ, ಕಂಬಿ ಕಟ್ಟುವವರು, ಸಾಮಾನ್ಯ ಕೂಲಿ ಆಳು ಇವರ ದಿನದ ಕೂಲಿಗೂ ಅದರಲ್ಲಿ ಒಂದೊಂದು ದರ ಇರುತ್ತದೆ. ಒಂದು ಘನ ಮೀಟರ್ ಕಲ್ಲು ಕಟ್ಟಡಕ್ಕೆ ಎಷ್ಟು ಆಳು ಬೇಕು, ಅವರ ಕೂಲಿ ಎಷ್ಟು, ಅದರ ಮೇಲೆ ಗುತ್ತಿಗೆದಾರರ ಲಾಭ ಎಷ್ಟು ಎಂದು ಲೆಕ್ಕ ಹಾಕಿ ಅಂದಾಜುಪಟ್ಟಿ ತಯಾರಾಗುತ್ತದೆ. ಗುತ್ತಿಗೆದಾರರು ಆ ಪಟ್ಟಿಯನ್ನು ಸಾಲು ಸಾಲಾಗಿ ಓದಿಯೇ ಟೆಂಡರ್ ಹಾಕುತ್ತಾರೆ. ನ್ಯಾಯವಾದ ಕೂಲಿ ಕೊಡಬೇಕೆಂಬ ಷರತ್ತು ಕರಾರಿನಲ್ಲೂ ಇರುತ್ತದೆ. ಆದರೆ ನನ್ನ ಸೇವೆಯ ಅಷ್ಟು ವರ್ಷಗಳಲ್ಲಿ ಒಬ್ಬ ಗಾರೆ ಕೆಲಸದವನೂ ಬಂದು, "ಸಾರ್, ಪಟ್ಟಿಯಲ್ಲಿ ನನಗೆ ದಿನಕ್ಕೆ ಎಷ್ಟು ಹಾಕಿದ್ದೀರಿ?" ಎಂದು ಕೇಳಿದ್ದನ್ನು ನಾನು ನೋಡಲಿಲ್ಲ. ತನ್ನ ಕೂಲಿ ಅಚ್ಚಾಗಿರುವ ಪುಸ್ತಕವೊಂದು ಇದೆಯೆಂಬುದೇ ಅವನಿಗೆ ತಿಳಿದಿರಲಿಲ್ಲ. ಸಮೀಕ್ಷೆ ಮಾಡಿದರೆ ಸಾಲದು, ಅದು ದುಡಿಯುವವನ ಕಣ್ಣಿಗೆ ಬೀಳಬೇಕು ಎಂದು ನಾನು ಹೇಳುವುದು ಇದಕ್ಕೇ.

ಇನ್ನು ಖಾಸಗಿ ಶಾಲೆಗೆ ಬರೋಣ. ಅಲ್ಲಿ ಕಾನೂನಿನ ಆಸರೆಯೂ ಬಹುಕಾಲ ತೆಳುವಾಗಿತ್ತು. 1948ರ ಕನಿಷ್ಠ ವೇತನ ಕಾಯ್ದೆ ಶಿಕ್ಷಕರಿಗೆ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹರಿಯಾಣದ ಶಾಲೆಗಳ ಪ್ರಕರಣದಲ್ಲಿ 1996ರಲ್ಲಿ ಹೇಳಿತು. ಅದಕ್ಕೂ ಮೊದಲು, 1988ರಲ್ಲಿ, ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಶಿಕ್ಷಕರು ಕಾರ್ಮಿಕರಲ್ಲ ಎಂದೂ ತೀರ್ಪಾಗಿತ್ತು. ಬೋಧನೆ ಉದಾತ್ತ ವೃತ್ತಿ ಎಂಬ ಗೌರವ ಅದರ ಹಿಂದಿತ್ತು. ಫಲವೇನಾಯಿತೆಂದರೆ, ಮಕ್ಕಳನ್ನು ಕರೆತರುವ ಬಸ್ಸಿನ ಚಾಲಕನಿಗೆ ಇಷ್ಟಕ್ಕಿಂತ ಕಡಿಮೆ ಕೊಡಬಾರದು ಎಂಬ ಗೆರೆ ಉಳಿಯಿತು, ಆ ಮಕ್ಕಳಿಗೆ ಅಕ್ಷರ ಕಲಿಸುವವಳಿಗೆ ಉಳಿಯಲಿಲ್ಲ. ಗೆರೆಯಿಲ್ಲದ ಕಡೆ ಊರಿನಲ್ಲಿ ನಡೆಯುವ ದರವೇ ಕಾನೂನು. ಆ ದರವನ್ನು ಆಡಳಿತ ಮಂಡಳಿಗಳು ತಮ್ಮತಮ್ಮಲ್ಲೇ ವಿಚಾರಿಸಿಕೊಂಡು ನಿಲ್ಲಿಸಿದರೆ ಅದು ಮೇಲೇಳುವುದಾದರೂ ಹೇಗೆ?

ಇದು ನಮ್ಮ ಊರಿನ ಸಮಸ್ಯೆ ಮಾತ್ರವಲ್ಲ. ಅಮೆರಿಕದ ಯೂಟಾ ರಾಜ್ಯದಲ್ಲಿ ಆಸ್ಪತ್ರೆಗಳ ಸಿಬ್ಬಂದಿ ವ್ಯವಸ್ಥಾಪಕರು ದಾದಿಯರ ಸಂಬಳದ ವಿವರವನ್ನು ಪರಸ್ಪರ ಹಂಚಿಕೊಂಡು ಅದನ್ನು ಅದುಮಿಟ್ಟರೆಂದು 1994ರಲ್ಲಿ ಅಲ್ಲಿನ ನ್ಯಾಯ ಇಲಾಖೆ ಮೊಕದ್ದಮೆ ಹೂಡಿತು. ಆಸ್ಪತ್ರೆಗಳ ಸಂಬಳ ಸಮೀಕ್ಷೆ ಹೇಗಿರಬೇಕು ಎಂಬುದಕ್ಕೆ ಅಲ್ಲಿ ಕೆಲವು ಮಿತಿಗಳನ್ನು ಹಾಕಿದ್ದರು. ಸಮೀಕ್ಷೆಯನ್ನು ಮೂರನೆಯವರು ನಡೆಸಬೇಕು, ಅಂಕಿಗಳು ಮೂರು ತಿಂಗಳಿಗಿಂತ ಹಳೆಯದಾಗಿರಬೇಕು, ಪ್ರತಿ ಅಂಕಿಯ ಹಿಂದೆ ಕನಿಷ್ಠ ಐದು ಸಂಸ್ಥೆಗಳಿರಬೇಕು, ಯಾವ ಒಂದು ಸಂಸ್ಥೆಯ ಪಾಲೂ ಕಾಲು ಭಾಗ ಮೀರಬಾರದು. ಈ ಮಿತಿಗಳೂ ಸಾಲವೆಂದು 2023ರಲ್ಲಿ ಆ ರಿಯಾಯಿತಿಯನ್ನೇ ಹಿಂತೆಗೆದುಕೊಂಡರು. ಅದೇ ವರ್ಷ ಐರೋಪ್ಯ ಒಕ್ಕೂಟ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸಂದರ್ಶನಕ್ಕೆ ಮೊದಲೇ ಅಭ್ಯರ್ಥಿಗೆ ಸಂಬಳದ ಮಟ್ಟ ತಿಳಿಸಬೇಕು, ಹಿಂದಿನ ಕೆಲಸದ ಸಂಬಳ ಎಷ್ಟಿತ್ತೆಂದು ಕೇಳಕೂಡದು ಎಂದು ನಿರ್ದೇಶನ ಹೊರಡಿಸಿ, ಅದಕ್ಕೆ ತಕ್ಕ ಕಾನೂನು ಮಾಡಲು ಸದಸ್ಯ ರಾಷ್ಟ್ರಗಳಿಗೆ 2026ರ ಜೂನ್‌ವರೆಗೆ ಗಡುವು ಕೊಟ್ಟಿತು.

ಹಿಂದಿನ ಸಂಬಳ ಕೇಳಬಾರದೇಕೆ ಎಂಬುದನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ಇಬ್ಬರು ಒಂದೇ ಓದು ಓದಿದವರು. ಒಬ್ಬಳು ಅರಕಲಗೂಡಿನಲ್ಲಿ 12,000ಕ್ಕೆ ಸೇರಿದಳು, ಇನ್ನೊಬ್ಬಳು ಹಾಸನದಲ್ಲಿ 15,000ಕ್ಕೆ. ಇಬ್ಬರಿಗೂ ವರ್ಷಕ್ಕೆ ಶೇ. 8ರಂತೆ ಏರಿಕೆ. ಹತ್ತು ವರ್ಷದ ಮೇಲೆ ಮೊದಲನೆಯವಳಿಗೆ ಸುಮಾರು 25,900, ಎರಡನೆಯವಳಿಗೆ ಸುಮಾರು 32,400. ಮೂರು ಸಾವಿರವಿದ್ದ ಅಂತರ ಆರೂವರೆ ಸಾವಿರವಾಯಿತು. ಮೊದಲ ದಿನ ತಿಳಿಯದೆ ಒಪ್ಪಿಕೊಂಡ ಅಂಕಿ ಹತ್ತು ವರ್ಷ ಬೆನ್ನು ಬಿಡುವುದಿಲ್ಲ. ಈ ಹೊರೆ ಹೆಚ್ಚಾಗಿ ಬೀಳುವುದು ಹೆಣ್ಣುಮಕ್ಕಳ ಮೇಲೆ. "ಮನೆ ಹತ್ತಿರದ ಕೆಲಸವಮ್ಮ, ಗಂಡನಿಗೆ ಸಂಬಳ ಇದೆಯಲ್ಲ" ಎಂಬ ಮಾತು ಅವರಿಗೆ ಮಾತ್ರ ಕೇಳಿಬರುತ್ತದೆ.

ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿಗೆ ಹೊರಡುವ ಹಾಸನದ ಮಕ್ಕಳಿಗೂ ಒಂದು ಮಾತು. "ವರ್ಷಕ್ಕೆ 3.6 ಲಕ್ಷದ ಪ್ಯಾಕೇಜ್" ಎಂದರೆ ತಿಂಗಳಿಗೆ 30,000 ಕೈಗೆ ಬರುತ್ತದೆ ಎಂದು ಮನೆಯವರು ತಿಳಿಯುತ್ತಾರೆ. ಮೂಲ ವೇತನ 15,000 ಎಂದಿಟ್ಟುಕೊಳ್ಳಿ. ಕಂಪನಿ ಕಟ್ಟುವ ಪಿ.ಎಫ್. 1,800, ಸಾಮಾನ್ಯವಾಗಿ ಐದು ವರ್ಷ ದುಡಿದ ಮೇಲಷ್ಟೇ ಸಿಗುವ ಗ್ರಾಚ್ಯುಟಿ ಬಾಬ್ತು ಸುಮಾರು 720, ಕೆಲಸದ ಮೌಲ್ಯಮಾಪನ ನೋಡಿ ಕೊಡುವ ಭಾಗ 3,000, ಇಷ್ಟೂ ಆ 30,000ದ ಒಳಗೇ ಇರುತ್ತದೆ. ಅದರ ಮೇಲೆ ನೌಕರನ ಪಾಲಿನ ಪಿ.ಎಫ್. 1,800 ಕಳೆದರೆ ಕೈಗೆ ಉಳಿಯುವುದು ಸುಮಾರು 22,700. ಒಬ್ಬರು ಪ್ಯಾಕೇಜ್ ಹೇಳಿ, ಇನ್ನೊಬ್ಬರು ಕೈಗೆ ಬರುವುದನ್ನು ಹೇಳಿ, ಎರಡನ್ನೂ ಹೋಲಿಸಿದರೆ ಅದು ಮೀಟರಿಗೂ ಅಡಿಗೂ ವ್ಯತ್ಯಾಸ ನೋಡದೆ ಅಳೆದಂತೆ.

ಸರಾಸರಿ ಎಂಬ ಮಾತಿನಲ್ಲೂ ಎಚ್ಚರ ಬೇಕು. ಒಂದು ಶಾಲೆಯಲ್ಲಿ ಐವರ ಸಂಬಳ 9, 10, 11, 12 ಮತ್ತು 38 ಸಾವಿರ ಎನ್ನೋಣ. ಸರಾಸರಿ 16 ಸಾವಿರ. ಆದರೆ ಐವರಲ್ಲಿ ನಾಲ್ವರಿಗೆ 12 ಸಾವಿರ ದಾಟಿಲ್ಲ. ನಡುವೆ ನಿಂತ ಅಂಕಿ 11 ಸಾವಿರವೇ ಅಲ್ಲಿನ ನಿಜವನ್ನು ಹೇಳುತ್ತದೆ. "ನಮ್ಮಲ್ಲಿ ಸರಾಸರಿ ಹದಿನಾರು ಸಾವಿರ" ಎಂದವರು ಸುಳ್ಳು ಹೇಳಿದ್ದಾರೆ ಎನ್ನಲಾಗದು, ಆದರೆ ಅದನ್ನು ನಂಬಿ ಸೇರಿದವಳು ಮೋಸ ಹೋಗುತ್ತಾಳೆ.

ಹೀಗೆ ಕೇಳಿದಾಗ ನಮ್ಮಲ್ಲಿ ಬರುವ ಉತ್ತರ ಒಂದೇ: "ಇದು ಸೇವೆ. ಶರಣರು ಆಸೆ ಬೇಡವೆಂದರು. ಆಯ್ದಕ್ಕಿ ಲಕ್ಕಮ್ಮನನ್ನು ನೆನೆಯಿರಿ." ನೆನೆಯೋಣ. ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರಲು ಹೇಳಿದವಳು ಲಕ್ಕಮ್ಮ. ಅವಳು ಅದನ್ನು ಹೇಳಿದ್ದು ತನ್ನ ಗಂಡನಿಗೆ, ತನ್ನ ಮನೆಯ ಪಾಲಿನ ಬಗ್ಗೆ. ದುಡಿಸಿಕೊಳ್ಳುವವರು ದುಡಿಯುವವರ ಮೊರದಿಂದ ಅಕ್ಕಿ ತೆಗೆದಿಟ್ಟುಕೊಳ್ಳಲಿ ಎಂದು ಅವಳು ಹೇಳಲಿಲ್ಲ. ಮೇಲಾಗಿ, ಹೆಚ್ಚಾಯಿತೆಂದು ಅವಳಿಗೆ ತಿಳಿದದ್ದು ನಿತ್ಯದ ಅಳತೆ ಗೊತ್ತಿದ್ದುದರಿಂದ. ಅಳತೆ ಗೊತ್ತಿಲ್ಲದವರಿಗೆ ಹೆಚ್ಚು ಯಾವುದು, ಕಡಿಮೆ ಯಾವುದು? ಹಗ್ಗ ಹೊಸೆದು ಬದುಕಿದ ನುಲಿಯ ಚಂದಯ್ಯನೂ ತನ್ನ ಹಗ್ಗಕ್ಕೆ ಸಲ್ಲುವ ಬೆಲೆಯನ್ನು ಬಲ್ಲವನು. ಸಲ್ಲಬೇಕಾದ್ದಕ್ಕಿಂತ ಹೆಚ್ಚು ಪಡೆಯುವುದು ತಪ್ಪೆಂದ ಶರಣರು, ಸಲ್ಲಬೇಕಾದ್ದಕ್ಕಿಂತ ಕಡಿಮೆ ಕೊಡುವುದನ್ನು ಒಪ್ಪುತ್ತಿದ್ದರೇ?

ತ್ಯಾಗದ ಮಾತೂ ಹಾಗೆಯೇ. 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆ ಕಟ್ಟಿದ ಏಳು ಮಂದಿಯನ್ನು ಸಪ್ತರ್ಷಿಗಳೆಂದು ಇಂದಿಗೂ ಸ್ಮರಿಸುತ್ತೇವೆ. ತ್ರಿವಿಧ ದಾಸೋಹದ ಮಠಗಳು ಹಳ್ಳಿಯ ಬಡಮಕ್ಕಳಿಗೆ ಅನ್ನ, ಅಕ್ಷರ ಕೊಡದಿದ್ದರೆ ನನ್ನ ತಲೆಮಾರಿನ ಎಷ್ಟೋ ಜನ ಓದುತ್ತಿರಲಿಲ್ಲ. ಅವರೆಲ್ಲ ತಾವು ಏನು ಬಿಡುತ್ತಿದ್ದೇವೆಂದು ತಿಳಿದು, ತಾವೇ ಬಿಟ್ಟವರು. ಒಬ್ಬ ಶಿಕ್ಷಕಿಗೆ ತಿಳಿಸದೆ ಅವಳ ಸಂಬಳದಲ್ಲಿ ಹಿಡಿದುಕೊಂಡದ್ದು ಅವಳ ತ್ಯಾಗವಾಗುವುದಿಲ್ಲ. ಹಾಗೆ ಉಳಿದ ಹಣದಲ್ಲಿ ಸಂಸ್ಥೆಯವರು ಅನ್ನದಾಸೋಹ ಮಾಡಿದರೆ ಅದು ಸಂಸ್ಥೆಯ ದಾಸೋಹವೂ ಆಗುವುದಿಲ್ಲ. ಕಾಯಕದಿಂದ ಬಂದದ್ದರಲ್ಲಿ ದಾಸೋಹ ಎಂಬುದು ನಮ್ಮ ಧರ್ಮದ ಕ್ರಮ. ಕಾಯಕದ ಕೂಲಿ ಮೊದಲು ಕೈ ಸೇರಬೇಕು.

ಆಕ್ಷೇಪಣೆಗಳಿವೆ. ಚಿಕ್ಕ ಶಾಲೆಗೆ ಅಷ್ಟು ಕೊಡಲು ಶಕ್ತಿಯಿಲ್ಲ ಎನ್ನುತ್ತಾರೆ. ಇರಬಹುದು. ಶುಲ್ಕ ಕಡಿಮೆ, ಮಕ್ಕಳೂ ಕಡಿಮೆ. ಹಾಗಿದ್ದರೆ ಕೊಡಬಲ್ಲುದನ್ನೇ ಬಹಿರಂಗವಾಗಿ ಹೇಳಲಿ. ತಿಳಿದು ಸೇರುವವರು ಸೇರುತ್ತಾರೆ. ಸಂಬಳ ಬಹಿರಂಗವಾದರೆ ಜಗಳ ಬರುತ್ತದೆ ಎನ್ನುತ್ತಾರೆ. ಒಂದೇ ಕೆಲಸಕ್ಕೆ ಇಬ್ಬರಿಗೆ ಎರಡು ಸಂಬಳ ಇದ್ದರೆ ಗುಟ್ಟು ಎಷ್ಟು ದಿನ ನಿಂತೀತು? ಜಗಳಕ್ಕೆ ಬೀಜ ಅಲ್ಲೇ ಬಿದ್ದಿರುತ್ತದೆ. ಮೂರನೆಯ ಆಕ್ಷೇಪಣೆಯಲ್ಲಿ ತೂಕವಿದೆ. ದರ ಪ್ರಕಟವಾದರೆ ಎಲ್ಲರೂ ಅಷ್ಟಕ್ಕೇ ನಿಲ್ಲುತ್ತಾರೆ, ಕೆಳಗಿನ ಗೆರೆಯೇ ಮೇಲಿನ ಗೆರೆಯಾಗುತ್ತದೆ ಎಂಬುದು ಅದು. ಯಾವ ಸಮೀಕ್ಷೆಯೂ ಈಗ ಏನು ಕೊಡುತ್ತಿದ್ದಾರೆ ಎಂಬುದನ್ನಷ್ಟೇ ಹೇಳಬಲ್ಲದು. ಎಲ್ಲರೂ ಕಡಿಮೆ ಕೊಡುವ ಊರಿನಲ್ಲಿ ಕಡಿಮೆಯೇ ನ್ಯಾಯವೆಂದು ಕಾಣುತ್ತದೆ.

ಅದಕ್ಕೆ ಪಕ್ಕದಲ್ಲಿ ಇನ್ನೊಂದು ಗೆರೆ ಎಳೆಯಬೇಕು. 1957ರಲ್ಲೇ 15ನೇ ಭಾರತೀಯ ಕಾರ್ಮಿಕ ಸಮ್ಮೇಳನ ಆ ಗೆರೆಯನ್ನು ಹಾಕಿಕೊಟ್ಟಿದೆ. ದುಡಿಯುವವರ ಕುಟುಂಬವನ್ನು ಮೂರು ಘಟಕವೆಂದು ಹಿಡಿದು, ಒಬ್ಬ ವಯಸ್ಕರಿಗೆ ದಿನಕ್ಕೆ 2,700 ಕ್ಯಾಲೊರಿಯ ಆಹಾರ, ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಸೌದೆ, ದೀಪ ಇತ್ಯಾದಿಗೆ ಇಷ್ಟು ಎಂದು ಕನಿಷ್ಠ ಕೂಲಿಯನ್ನು ಲೆಕ್ಕ ಹಾಕುವ ಕ್ರಮ ಅದು. ಮಕ್ಕಳ ಓದು, ಔಷಧಿ, ಹಬ್ಬ, ಮದುವೆ, ಮುಪ್ಪು ಇವಕ್ಕೆಂದು ಶೇ. 25 ಸೇರಬೇಕೆಂದು ಸುಪ್ರೀಂ ಕೋರ್ಟ್ 1991ರ ರೆಪ್ಟಕೋಸ್ ಬ್ರೆಟ್ ಪ್ರಕರಣದಲ್ಲಿ ಹೇಳಿತು. ಹಾಸನದ ಬಾಡಿಗೆ, ಚನ್ನರಾಯಪಟ್ಟಣದ ದಿನಸಿ ಬೆಲೆ ಹಾಕಿ ಈ ಲೆಕ್ಕ ಮಾಡುವುದು ಒಬ್ಬ ಡಿಪ್ಲೊಮಾ ವಿದ್ಯಾರ್ಥಿಗೂ ಸಾಧ್ಯ. ನಡೆಯುತ್ತಿರುವ ದರ ಒಂದು ಕಡೆ, ಬದುಕಲು ಬೇಕಾದದ್ದು ಇನ್ನೊಂದು ಕಡೆ ಇಟ್ಟಾಗ ಮಾತ್ರ ಸಮೀಕ್ಷೆಗೆ ಅರ್ಥ ಬರುತ್ತದೆ.

ಆದ್ದರಿಂದ ಮಠಗಳ ಪೂಜ್ಯರಲ್ಲಿ, ಸಂಸ್ಥೆಗಳನ್ನು ನಡೆಸುವ ಶರಣ ಬಂಧುಗಳಲ್ಲಿ ನನ್ನ ಬಿನ್ನಹ ಮೂರು.

ಒಂದು, ನಮ್ಮ ಸಂಸ್ಥೆಗಳು ಕೆಲಸಕ್ಕೆ ಕರೆಯುವ ಪ್ರಕಟಣೆಯಲ್ಲಿ "ಸಂಬಳ ಅರ್ಹತೆಗೆ ತಕ್ಕಂತೆ" ಎಂದು ಬರೆಯುವುದನ್ನು ಬಿಟ್ಟು, ಇಷ್ಟರಿಂದ ಇಷ್ಟು ಎಂದು ಅಂಕಿಯಲ್ಲಿ ಬರೆಯಲಿ.

ಎರಡು, ಬಂದವರನ್ನು ಹಿಂದಿನ ಸಂಬಳ ಕೇಳದಿರಲಿ. ಕೊಡಬೇಕಾದದ್ದು ಈ ಕೆಲಸಕ್ಕೆ, ಹಿಂದಿನ ಯಜಮಾನರ ಔದಾರ್ಯವನ್ನೋ ಜಿಪುಣತನವನ್ನೋ ನೋಡಿಕೊಂಡಲ್ಲ.

ಮೂರು, ಶಾಲೆಗಳು ನೇಮಕ ಮಾಡಿಕೊಳ್ಳುವ ಮೇ ತಿಂಗಳಿಗೆ ಮುಂಚೆ, ವರ್ಷಕ್ಕೊಮ್ಮೆ, ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ತಾಲ್ಲೂಕುಗಳ ಒಂದು ದರಪಟ್ಟಿಯನ್ನು ಶಿವಾನುಭವ ಗೋಷ್ಠಿಗಳ ಮೂಲಕ ತಯಾರಿಸೋಣ. ಶಿಕ್ಷಕಿ, ದಾದಿ, ಪ್ರಯೋಗಾಲಯದ ತಂತ್ರಜ್ಞ, ಲೆಕ್ಕ ಬರೆಯುವವರು, ಕಟ್ಟಡದ ಮೇಲ್ವಿಚಾರಕ, ಗಾರ್ಮೆಂಟ್ಸ್ ಹೊಲಿಗೆಯವರು, ಚಾಲಕ ಹೀಗೆ ಹತ್ತು ಹನ್ನೆರಡು ಕೆಲಸ ಸಾಕು. ಚೀಟಿಯಲ್ಲಿ ಹೆಸರು ಬೇಡ, ಸಂಸ್ಥೆಯ ಹೆಸರೂ ಬೇಡ. ಕೈಗೆ ಬರುವ ಸಂಬಳ, ದಿನದ ಗಂಟೆ, ಅನುಭವದ ವರ್ಷ, ತಾಲ್ಲೂಕು, ಗಂಡೋ ಹೆಣ್ಣೋ ಎಂಬ ಐದು ವಿವರ ಇರಲಿ. ಒಂದು ಕೆಲಸಕ್ಕೆ ಬೇರೆ ಬೇರೆ ಸಂಸ್ಥೆಗಳ ಐದಾದರೂ ಚೀಟಿ ಬರದಿದ್ದರೆ ಆ ಸಾಲನ್ನು ಪ್ರಕಟಿಸುವುದು ಬೇಡ, ಯಾರದೆಂದು ಗುರುತು ಸಿಕ್ಕೀತು. ಸರಾಸರಿ ಬಿಟ್ಟು, ಕಡಿಮೆಯದು, ನಡುವಿನದು, ಹೆಚ್ಚಿನದು ಮೂರನ್ನೂ ಹಾಕೋಣ. ಪಕ್ಕದಲ್ಲಿ ಬದುಕಿಗೆ ಬೇಕಾದ ಗೆರೆ. ಒಂದು ಹಾಳೆಯ ಕೆಲಸ ಇದು. ಮಠದ ಸೂಚನಾ ಫಲಕದಲ್ಲಿ ಅಂಟಿಸಿದರೆ ಪ್ರಸಾದಕ್ಕೆ ಬಂದವರೆಲ್ಲ ಓದುತ್ತಾರೆ. ಲೆಕ್ಕ ಹಾಕಲು ನನ್ನಂಥ ನಿವೃತ್ತರು ಪ್ರತಿ ಊರಿನಲ್ಲೂ ಇದ್ದಾರೆ, ನಮಗೆ ಬೇಕಾದಷ್ಟು ಬಿಡುವೂ ಇದೆ.

ಬಿಜ್ಜಳನ ಭಂಡಾರದ ಹಣ ಪೋಲಾಯಿತೆಂದು ದೂರು ಬಂದಾಗ ಬಸವಣ್ಣನವರು ಲೆಕ್ಕವನ್ನು ಎಲ್ಲರೆದುರು ಒಪ್ಪಿಸಿದರೆಂದು ಪರಂಪರೆ ಹೇಳುತ್ತದೆ. ಅವರ ಹೆಸರಿನಲ್ಲಿ ನಡೆಯುವ ಸಂಸ್ಥೆಗಳು ತಮ್ಮಲ್ಲಿ ದುಡಿಯುವವರಿಗೆ ಏನು ಕೊಡುತ್ತಿದ್ದೇವೆಂದು ಹೇಳಲು ಹಿಂಜರಿಯಬಾರದು. ಬರುವ ಮೇ ತಿಂಗಳ ಪ್ರಕಟಣೆಗಳಲ್ಲಿ ನಮ್ಮ ಒಂದಾದರೂ ಸಂಸ್ಥೆ ಸಂಬಳವನ್ನು ಅಂಕಿಯಲ್ಲಿ ಬರೆದರೆ, ಮುಂದಿನ ವರ್ಷ ಉಳಿದವರು ಬರೆಯದೆ ವಿಧಿಯಿಲ್ಲ.